ಮೊದಲು ಹೋಗಬೇಕಾದವರು

ನನ್ನೂರು ಶಿರೂರು ಎಂದರೆ ಕೇಳಿದವರು ಒಂದು ಕ್ಷಣ ತಡೆಯುತ್ತಾರೆ. 2024ರ ಜುಲೈ ಆದಮೇಲಂತೂ, ‘ಅಯ್ಯೋ, ಗುಡ್ಡ ಕುಸಿದದ್ದು ಅಲ್ಲೇ ಅಲ್ವಾ?’ ಎನ್ನುವವರೇ ಹೆಚ್ಚು. ಅದು ಅಂಕೋಲಾದ ಶಿರೂರು, ಗಂಗಾವಳಿಯ ದಂಡೆಯದು. ಇನ್ನು ಕೆಲವರಿಗೆ ಉಡುಪಿಯ ಅಷ್ಟಮಠಗಳಲ್ಲಿ ಒಂದು ನೆನಪಾಗುತ್ತದೆ. ಆ ಮಠಕ್ಕೆ ಹೆಸರು ಕೊಟ್ಟ ಊರು ಹಿರಿಯಡಕದ ಹತ್ತಿರ ಇದೆ. ನಮ್ಮದು ಬೈಂದೂರು ತಾಲೂಕಿನ ಶಿರೂರು, ಉಡುಪಿ ಜಿಲ್ಲೆಯ ಬಡಗಿನ ತುದಿ. ನಮ್ಮ ಊರು ದಾಟಿದರೆ ಭಟ್ಕಳ ತಾಲೂಕು, ಉತ್ತರ ಕನ್ನಡ ಜಿಲ್ಲೆ. ಇಷ್ಟೆಲ್ಲ ವಿವರಿಸಿದ ಮೇಲೆ ಅವರ ಮುಖದಲ್ಲಿ ಬೆಳಕು ಬರುತ್ತದೆ: ‘ಓ, ಟೋಲ್‌ಗೇಟಿನ ಶಿರೂರು!’

ಹೌದು, ಟೋಲ್‌ಗೇಟಿನ ಶಿರೂರು. ಪನವೇಲ್‌ನಿಂದ ಕನ್ಯಾಕುಮಾರಿಯವರೆಗೆ ಕಡಲಿನ ಪಕ್ಕದಲ್ಲೇ ಇಳಿದು ಹೋಗುವ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಊರನ್ನು ಸೀಳಿಕೊಂಡು ಹೋಗುತ್ತದೆ. ಹೊನ್ನಾವರ, ಭಟ್ಕಳದ ಕಡೆಯಿಂದ ಉಡುಪಿ ಜಿಲ್ಲೆಗೆ ಬರುವವರಿಗೆ ಮೊದಲು ಸಿಗುವುದು ಈ ಗೇಟು. ಮೀನಿನ ಲಾರಿ, ಕೊಲ್ಲೂರಿಗೆ ಹೋಗುವ ಯಾತ್ರಿಕರ ವ್ಯಾನು, ಗೋವಾದ ಸ್ಲೀಪರ್ ಬಸ್ಸು, ಮಣಿಪಾಲದ ಆಸ್ಪತ್ರೆಗೆ ಹೊರಟ ಆ್ಯಂಬುಲೆನ್ಸು, ಎಲ್ಲದಕ್ಕೂ ಇರುವುದು ಇದೊಂದೇ ಹೆದ್ದಾರಿ.

ನಾನು ಓದುತ್ತಿರುವುದೂ ಒಂದು ರೀತಿಯಲ್ಲಿ ಇದನ್ನೇ. ನನ್ನ ಪಿಎಚ್.ಡಿ. ವಿಷಯವನ್ನು ವಿಭಾಗದ ದಾಖಲೆಯಲ್ಲಿ ಬರೆದಿರುವ ಹಾಗೆ ಹೇಳಿದರೆ ಮನೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ, ಮೀನಿನ ಗಾಡಿ ಓಡಿಸುವ ನನ್ನ ಸೋದರಮಾವ ಊಟ ಮುಗಿಸಿ ಜಗುಲಿಯಲ್ಲಿ ಕೂತು ನೇರವಾಗಿಯೇ ಕೇಳಿದ: ‘ಅಲ್ಲ ಮಗಾ, ನೀ ಇಷ್ಟ್ ವರ್ಷದಿಂದ ಓದುದ್ ಎಂತದ್?’

‘ಟ್ರಾಫಿಕ್ ಮಾವ. ಕಂಪ್ಯೂಟರ್ ಒಳ್ಗಿನ್ ಟ್ರಾಫಿಕ್.’

‘ಅಲ್ಲೂ ಟೋಲ್ ಇತ್ತಾ?’

ನಮ್ಮ ಕುಂದಾಪುರ ಕನ್ನಡದಲ್ಲಿ ‘ಇತ್ತಾ’ ಎಂದರೆ ‘ಇದೆಯಾ’ ಎಂದು. ಇತ್ತ್ ಮಾವ, ಆದ್ರೆ ದುಡ್ ತಕಂಬುದಿಲ್ಲ ಅಂದೆ. ಅವನು ನಕ್ಕ. ಆದರೆ ಅವನ ಪ್ರಶ್ನೆ ತಮಾಷೆಯದಲ್ಲ. ನನ್ನ ಸಂಶೋಧನೆಯ ಕೇಂದ್ರದಲ್ಲಿರುವ ವಸ್ತುವಿಗೆ ಹೆಸರೇ ‘ಟ್ರಾಫಿಕ್ ಕಂಡಿಷನರ್’. ಅದು ಅಕ್ಷರಶಃ ಒಂದು ಗೇಟು.

ಅಂತರ್ಜಾಲ ಶುರುವಾದಾಗ ಅದರಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದ ಬಳಕೆಯಲ್ಲಿ ಇರಲಿಲ್ಲ. ಎಲ್ಲ ಮಾಹಿತಿಯೂ ಪ್ಯಾಕೆಟ್ಟುಗಳಾಗಿ ಹೊರಡುತ್ತದೆ, ದಾರಿ ಇದ್ದರೆ ತಲುಪುತ್ತದೆ, ಇಲ್ಲವಾದರೆ ನಡುದಾರಿಯಲ್ಲಿ ಬಿದ್ದುಹೋಗುತ್ತದೆ. ಪ್ರೇಮಪತ್ರವಾದರೂ ಅಷ್ಟೇ, ಜಾಹೀರಾತಾದರೂ ಅಷ್ಟೇ. ಜಾಲದಲ್ಲಿ ಮಾತು, ವಿಡಿಯೊ ಎಲ್ಲ ಓಡಾಡತೊಡಗಿದ ಮೇಲೆ ಈ ಸಮಾನತೆ ಸಾಲದು ಅನ್ನಿಸಿತು. ಮಿಂಚಂಚೆ ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಫೋನಿನಲ್ಲಿ ಆಡಿದ ಮಾತು ಅರ್ಧ ಸೆಕೆಂಡ್ ತಡವಾದರೆ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುತ್ತಾರೆ. 1998ರ ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 2475 ಎಂಬ ದಸ್ತಾವೇಜು ಇದಕ್ಕೊಂದು ಏರ್ಪಾಡನ್ನು ವಿವರಿಸಿತು. ಅದರ ಹೆಸರು ಡಿಫರೆನ್ಶಿಯೇಟೆಡ್ ಸರ್ವಿಸಸ್, ಚುಟುಕಾಗಿ ಡಿಫ್‌ಸರ್ವ್. ಪ್ಯಾಕೆಟ್ಟುಗಳನ್ನು ವರ್ಗಗಳಾಗಿ ವಿಂಗಡಿಸು, ವರ್ಗಕ್ಕೆ ತಕ್ಕಂತೆ ನಡೆಸಿಕೋ ಎಂಬುದು ಅದರ ಸಾರ.

ವಿಂಗಡಿಸುವ ಕೆಲಸ ಜಾಲದ ಗಡಿಯಲ್ಲಿ ನಡೆಯಬೇಕು, ಒಳಗಿನ ದಾರಿಗಳು ಆದಷ್ಟು ಸರಳವಾಗಿರಬೇಕು ಎಂದು ಆ ದಸ್ತಾವೇಜು ಹೇಳುತ್ತದೆ. ಗಡಿಯಲ್ಲಿ ಮೊದಲು ನಿಲ್ಲುವವನು ಕ್ಲಾಸಿಫೈಯರ್, ಬಂದದ್ದು ಯಾವ ಜಾತಿಯದು ಎಂದು ನೋಡುವವನು. ಅವನ ಹಿಂದೆ ಕಂಡಿಷನರ್‌ನ ನಾಲ್ಕು ಭಾಗಗಳು. ಮೀಟರ್ ಅಳೆಯುತ್ತದೆ: ಇವರು ಒಪ್ಪಿಕೊಂಡ ಮಿತಿಯಲ್ಲೇ ಬರುತ್ತಿದ್ದಾರೋ, ಹೆಚ್ಚು ಬರುತ್ತಿದ್ದಾರೋ? ಮಾರ್ಕರ್ ಗುರುತು ಹಾಕುತ್ತದೆ. ಶೇಪರ್ ತಡೆದು ನಿಲ್ಲಿಸಿ ಹದವಾಗಿ ಬಿಡುತ್ತದೆ, ನವರಾತ್ರಿಯ ಹೊತ್ತು ದೇವಸ್ಥಾನದಲ್ಲಿ ಸರತಿಗೆ ಹಗ್ಗ ಹಿಡಿದು ಜನರನ್ನು ತುಸುತುಸುವೇ ಒಳಗೆ ಬಿಡುವ ಹಾಗೆ. ಡ್ರಾಪರ್‌ಗೆ ಇರುವುದು ಒಂದೇ ಕೆಲಸ, ಮಿತಿ ಮೀರಿದ್ದನ್ನು ಬಿಸಾಡುವುದು.

ಶಿರೂರಿನ ಗೇಟಿನಲ್ಲೂ ಹೆಚ್ಚುಕಡಿಮೆ ಇವರೇ ಇದ್ದಾರೆ. ಕಾರಿಗೆ ಒಂದು ದರ, ಲಾರಿಗೆ ಒಂದು ದರ ಎನ್ನುವುದು ವರ್ಗೀಕರಣ. 2021ರ ಫೆಬ್ರವರಿಯಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್, ಗಾಜಿನ ಮೇಲೆ ಅಂಟಿಸಿದ ಗುರುತು. ಮೀಟರ್ ಕೂಡ ಇತ್ತು: ಅದೇ ವರ್ಷದ ಮೇ ತಿಂಗಳಲ್ಲಿ ಹೆದ್ದಾರಿ ಪ್ರಾಧಿಕಾರ ಒಂದು ಮಾರ್ಗಸೂಚಿ ಹೊರಡಿಸಿ, ದಟ್ಟಣೆಯ ಹೊತ್ತಿನಲ್ಲೂ ಒಂದು ವಾಹನಕ್ಕೆ 10 ಸೆಕೆಂಡಿಗಿಂತ ಹೆಚ್ಚು ತಗಲಬಾರದು, ಸಾಲು 100 ಮೀಟರ್‌ನಲ್ಲಿ ಎಳೆದ ಹಳದಿ ಗೆರೆ ದಾಟಬಾರದು, ದಾಟಿದರೆ ಮುಂದಿನ ವಾಹನಗಳನ್ನು ಶುಲ್ಕವಿಲ್ಲದೆ ಬಿಡಬೇಕು ಎಂದು ಹೇಳಿತ್ತು. ಅದನ್ನು ಓದಿದಾಗ ನನಗೆ ನನ್ನ ಸಿಮ್ಯುಲೇಶನ್ನಿನ ಕಾನ್ಫಿಗರೇಶನ್ ಕಡತವನ್ನು ಓದಿದ ಹಾಗಾಯಿತು. ಮಿತಿ ಇಷ್ಟು, ಮೀರಿದರೆ ಹೀಗೆ ಮಾಡು.

ಮಾವನಿಗೆ ಮೀಟರ್ ಕೆಲಸ ಮಾಡುವ ಬಗೆಯನ್ನು ವಿವರಿಸಲು ನಮ್ಮ ಮನೆಯ ಬಾವಿಯೇ ಒದಗಿತು. ಏಪ್ರಿಲ್ ತಿಂಗಳಲ್ಲಿ ನಮ್ಮ ಬಾವಿಯಲ್ಲಿ ಒರತೆ ತೀರಾ ಸಣ್ಣದು. ರಾತ್ರಿಯೆಲ್ಲ ಜಿನುಗಿ ಬೆಳಿಗ್ಗೆಗೆ ಒಂದಿಷ್ಟು ನೀರು ನಿಂತಿರುತ್ತದೆ. ಆ ಹೊತ್ತಿಗೆ ನೆಂಟರು ಬಂದರೆ ಬೇಕಾದಷ್ಟು ಕೊಡಪಾನಗಳನ್ನು ಒಮ್ಮೆಲೇ ಸೇದಬಹುದು, ಯಾರೂ ಬೇಡ ಅನ್ನುವುದಿಲ್ಲ. ನಿಂತ ನೀರು ಮುಗಿದ ಮೇಲೆ ಮಾತ್ರ ಒರತೆ ಎಷ್ಟು ಕೊಡುತ್ತದೋ ಅಷ್ಟೇ. ಹಾಗೆಂದು ನಾಲ್ಕು ದಿನ ಸೇದದೆ ಬಿಟ್ಟರೆ ನಾಲ್ಕು ದಿನದ ನೀರೆಲ್ಲ ಸೇರಿಕೊಂಡಿರುತ್ತದೆ ಎಂದೂ ಇಲ್ಲ. ಒಂದು ಮಟ್ಟಕ್ಕೆ ಬಂದ ಮೇಲೆ ಅದು ಏರುವುದಿಲ್ಲ.

ಇದನ್ನೇ ನಾವು ಟೋಕನ್ ಬಕೆಟ್ ಎನ್ನುತ್ತೇವೆ. ಒರತೆಯ ವೇಗ ಒಂದು ಸಂಖ್ಯೆ, ನೀರು ನಿಲ್ಲುವ ಮಟ್ಟ ಇನ್ನೊಂದು ಸಂಖ್ಯೆ. ಸೆಕೆಂಡಿಗೆ 1 ಮೆಗಾಬಿಟ್ ಒರತೆ, 10,000 ಬೈಟ್ ಮಟ್ಟ ಎಂದಿಟ್ಟುಕೊಳ್ಳಿ. ತುಂಬಿದ ಬಕೆಟ್ಟಿಗೆ 1,500 ಬೈಟ್‌ನ ಪ್ಯಾಕೆಟ್ಟುಗಳು ಬೆನ್ನಿಗೆ ಬೆನ್ನು ಹಚ್ಚಿ ಬಂದರೆ ಆರು ಪ್ಯಾಕೆಟ್ಟು ನಿರಾತಂಕವಾಗಿ ಹೋಗುತ್ತವೆ. ಏಳನೆಯದಕ್ಕೆ 500 ಬೈಟ್ ಕಡಿಮೆ ಬೀಳುತ್ತದೆ. ಅಷ್ಟು ಜಿನುಗಲು 4 ಮಿಲಿಸೆಕೆಂಡ್ ಬೇಕು. ಅದಕ್ಕೂ ಮೊದಲೇ ಬಂದ ಏಳನೆಯ ಪ್ಯಾಕೆಟ್ಟಿಗೆ ಏನು ಮಾಡಬೇಕು? ಶೇಪರ್ ಇದ್ದರೆ ಕಾಯಿಸುತ್ತದೆ, ಡ್ರಾಪರ್ ಇದ್ದರೆ ಬಿಸಾಡುತ್ತದೆ, ಮಾರ್ಕರ್ ಇದ್ದರೆ ಬಣ್ಣ ಬದಲಿಸಿ ಕಳಿಸುತ್ತದೆ. ಹಸಿರು ಎಂದರೆ ಮಿತಿಯೊಳಗಿನದು, ಹಳದಿ ಸ್ವಲ್ಪ ಮೀರಿದ್ದು, ಕೆಂಪು ಪೂರ್ತಿ ಮೀರಿದ್ದು. ಮುಂದೆಲ್ಲೋ ದಾರಿ ಇಕ್ಕಟ್ಟಾದಾಗ ಮೊದಲು ಕೆಂಪನ್ನು, ಆಮೇಲೆ ಹಳದಿಯನ್ನು ಬಿಸಾಡಬಹುದು. 1999ರ ಆರ್‌ಎಫ್‌ಸಿ 2697 ಈ ಮೂರು ಬಣ್ಣಗಳ ಮೀಟರ್‌ಗೆ ಎರಡು ಸ್ವಭಾವಗಳನ್ನು ಕೊಟ್ಟಿದೆ. ಒಂದು, ಹಿಂದೆ ಬಿದ್ದ ಬಣ್ಣವನ್ನು ನೋಡದೆ ಹೊಸದಾಗಿ ಅಳೆಯುವುದು. ಇನ್ನೊಂದು, ಹಿಂದಿನ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಈ ಎರಡನೆಯದರಲ್ಲಿ, ಒಮ್ಮೆ ಹಳದಿಯಾಗಿ ಬಂದ ಪ್ಯಾಕೆಟ್ಟು ಎಷ್ಟೇ ನೀರಿದ್ದರೂ ಮತ್ತೆ ಹಸಿರಾಗುವುದಿಲ್ಲ.

ಮಾವ ಇಷ್ಟನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದ: ‘ಬಿಸಾಡಿದ್ದ್ ಎಂತ ಆತ್ತ್ ಮತ್ತೆ?’

ಮೀನು ಸಾಗಿಸುವವನ ಪ್ರಶ್ನೆ ಅದು. ಐಸು ಕರಗುವ ಮೊದಲು ತಲುಪದಿದ್ದರೆ ಹೊತ್ತ ಮಾಲಿಗೆ ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಬಿಸಾಡಿದ್ದನ್ನು ಕಳಿಸಿದವರು ಮತ್ತೊಮ್ಮೆ ಕಳಿಸುತ್ತಾರೆ ಎಂದು ಹೇಳಿದೆ. ಮಿಂಚಂಚೆಗೆ, ಫೋಟೊಗೆ ಅದು ನಿಜ. ಆಡುತ್ತಿರುವ ಮಾತಿಗೆ, ಓಡುತ್ತಿರುವ ಚಿತ್ರಕ್ಕೆ ಅದು ನಿಜವಲ್ಲ, ಎರಡನೆಯ ಸಲ ಬರುವಷ್ಟರಲ್ಲಿ ಅದಕ್ಕೆ ಬೆಲೆಯೇ ಇರುವುದಿಲ್ಲ.

ಡಿಫ್‌ಸರ್ವ್‌ನಲ್ಲಿ ಅಂಥ ಅವಸರದವರಿಗೊಂದು ವರ್ಗವಿದೆ, ಎಕ್ಸ್‌ಪಿಡೈಟೆಡ್ ಫಾರ್ವರ್ಡಿಂಗ್. ಪ್ರತಿ ಪ್ಯಾಕೆಟ್ಟಿನ ತಲೆಬರಹದಲ್ಲಿ ವರ್ಗದ ಗುರುತಿಗೆಂದು 6 ಬಿಟ್ ಜಾಗವಿದೆ, ಅಂದರೆ 64 ಬಗೆಯ ಗುರುತುಗಳಿಗೆ ಅವಕಾಶ. ಈ ವರ್ಗದ ಗುರುತು 46. ಅದು ಬಂದರೆ ಉಳಿದವರೆಲ್ಲ ಬದಿಗೆ ಸರಿಯಬೇಕು. ಆದರೆ ಆ ಆರು ಬಿಟ್‌ಗಳನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು! ನನ್ನ ಲ್ಯಾಪ್‌ಟಾಪ್ ಕಳಿಸುವ ಪ್ರತಿ ಪ್ಯಾಕೆಟ್ಟಿನ ಮೇಲೂ 46 ಎಂದು ಬರೆಯಲು ಒಂದು ಸಾಲಿನ ಆಜ್ಞೆ ಸಾಕು. ಅದಕ್ಕೇ ಗಡಿಯ ಗೇಟು ಬಂದ ಗುರುತನ್ನು ಹಾಗೇ ನಂಬುವಂತಿಲ್ಲ, ತಾನೇ ಅಳೆದು ತಾನೇ ಗುರುತು ಹಾಕಬೇಕು. ನಮ್ಮ ದೇಶದ ರಸ್ತೆಗಳಿಗೆ ಇದು ಹೊಸ ಪಾಠವೇನಲ್ಲ. ಗೂಟದ ಕಾರುಗಳ ಕೆಂಪು ದೀಪ 2017ರ ಮೇ 1ರಿಂದ ನಿಂತಿತು. ಅಲ್ಲಿಯವರೆಗೆ ಎಷ್ಟು ಮಂದಿ ತಮ್ಮ ನೆತ್ತಿಯ ಮೇಲೆ 46 ಬರೆದುಕೊಂಡು ಓಡಾಡುತ್ತಿದ್ದರು ಎಂದು ನೆನಪಿಸಿಕೊಳ್ಳಿ.

ಈ ಅವಸರದ ವರ್ಗ ಕೆಲಸ ಮಾಡುವ ರೀತಿ ಹೊರಗಿನಿಂದ ನೋಡಿದವರಿಗೆ ತಲೆಕೆಳಗಾಗಿ ಕಾಣಬಹುದು. ತುರ್ತಿನವನು ಬಂದ ಕೂಡಲೇ ದಾರಿ ಮಾಡಿಕೊಡುವುದು ಅದರ ಗುಟ್ಟು ಎಂದು ತೋರುತ್ತದೆ. ಅಲ್ಲ. ತುರ್ತಿನ ಸಾಲು ಯಾವಾಗಲೂ ಬಹುಪಾಲು ಖಾಲಿಯಾಗಿಯೇ ಇರುವಂತೆ ಮೊದಲೇ ನೋಡಿಕೊಳ್ಳುವುದು ಅದರ ಗುಟ್ಟು. ಒಳಗೆ ಬರುವ ತುರ್ತಿನ ಪ್ರಮಾಣ, ಹೊರಗೆ ಹೋಗಲು ಕಾದಿರಿಸಿದ ಜಾಗಕ್ಕಿಂತ ಯಾವ ಗಳಿಗೆಯಲ್ಲೂ ಹೆಚ್ಚಾಗಬಾರದು. ಅವಸರ ಎಲ್ಲವೂ ಅವಸರಕ್ಕೆ ಮುಂಚಿನ ತಯಾರಿಯಲ್ಲಿದೆ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಕುಂದಾಪುರದ ಕಡೆ ಹೊರಟ ಆ್ಯಂಬುಲೆನ್ಸ್ ನಮ್ಮ ಶಿರೂರಿನ ಟೋಲ್‌ಗೇಟಿಗೆ ಬಂತು. ಮಳೆ. ಒದ್ದೆ ರಸ್ತೆ. ದಾರಿಯಲ್ಲಿ ಇಟ್ಟಿದ್ದ ಬ್ಯಾರಿಕೇಡುಗಳನ್ನು ಸಿಬ್ಬಂದಿ ಓಡೋಡಿ ತೆಗೆಯುತ್ತಿರುವಾಗಲೇ ಗಾಡಿ ಜಾರಿ, ಗಿರಕಿ ಹೊಡೆದು ಗೇಟಿಗೆ ಅಪ್ಪಳಿಸಿತು. ನಾಲ್ವರು ತೀರಿಕೊಂಡರು. ಸಿಸಿಟಿವಿಯ ಆ ದೃಶ್ಯ ಅದೇ ದಿನ ದೇಶವಿಡೀ ಹರಿದಾಡಿತು. ನಮ್ಮೂರಿನ ಹೆಸರನ್ನು ಎಂದೂ ಕೇಳದವರ ಫೋನಿನಲ್ಲೂ ನಮ್ಮೂರಿನ ಗೇಟು ಬಂತು.

ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದ ಅದನ್ನು ನಾನು ಬೆಂಗಳೂರಿನ ಲ್ಯಾಬಿನಲ್ಲಿ ಕೂತು ನೋಡಿದೆ. ಎರಡನೆಯ ಸಲ ನೋಡಲು ಆಗಲಿಲ್ಲ. ಯಾರದು ತಪ್ಪು ಎಂದು ತೀರ್ಪು ಕೊಡಲು ನಾನು ಈ ಮಾತು ಎತ್ತಿಲ್ಲ. ಕಾನೂನಿನ ಪುಸ್ತಕದಲ್ಲಿ ಆ್ಯಂಬುಲೆನ್ಸಿನ ಹಣೆಯ ಮೇಲೆ 46 ಇದ್ದೇ ಇದೆ. ಅದಕ್ಕೆ ಟೋಲ್ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ದಾರಿ ಬಿಡದವರಿಗೆ 10,000 ರೂಪಾಯಿವರೆಗೂ ದಂಡವಿದೆ. ಸೈರನ್ ಇದೆ, ಕೆಂಪು ನೀಲಿ ದೀಪ ಇದೆ. ಗುರುತಿಗೆ ಯಾವ ಕೊರತೆಯೂ ಇಲ್ಲ. ಆ ದಿನ ಓಡಿಬಂದ ಸಿಬ್ಬಂದಿಯೂ ಆ ಗುರುತನ್ನು ಗೌರವಿಸಿಯೇ ಓಡಿಬಂದದ್ದು. ಆದರೆ ಗುರುತು ಕಂಡ ಮೇಲೆ ದಾರಿ ತೆರೆಯಲು ಹೊರಟರೆ ಮನುಷ್ಯನ ಕಾಲಿಗೆ ಸಿಗುವುದು ಕೆಲವೇ ಸೆಕೆಂಡು. ನಾನು ಎಷ್ಟೋ ವರ್ಷ ‘ತುರ್ತಿನ ಸಾಲು ಮೊದಲೇ ಖಾಲಿ ಇರಬೇಕು’ ಎಂಬ ವಾಕ್ಯವನ್ನು ಪರೀಕ್ಷೆಗೆಂದು, ಸೆಮಿನಾರಿಗೆಂದು ಬರೆದಿದ್ದೆ. ಅದರ ತೂಕ ಗೊತ್ತಾದದ್ದು ಆ ದಿನ.

ಸಿಮ್ಯುಲೇಶನ್ ಎಂಬುದು ಒಂದು ವಿಚಿತ್ರ ಲೋಕ. ನಾನು ಬಳಸುವ ತಂತ್ರಾಂಶ ಒಮ್ನೆಟ್ ಪ್ಲಸ್ ಪ್ಲಸ್, ಬುಡಾಪೆಸ್ಟ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದರ ಜೊತೆಗೆ ಬಳಸುವ ಐನೆಟ್ ಎಂಬ ಸಂಗ್ರಹದಲ್ಲಿ ಮೀಟರ್, ಮಾರ್ಕರ್, ಕ್ಲಾಸಿಫೈಯರ್ ಎಲ್ಲವೂ ಬಿಡಿಭಾಗಗಳಾಗಿ ಸಿಗುತ್ತವೆ, ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು. ಅಲ್ಲಿ ಕಾಲ ನಮ್ಮ ಗಡಿಯಾರದ ಹಾಗೆ ಹರಿಯುವುದಿಲ್ಲ, ಒಂದು ಘಟನೆಯಿಂದ ಇನ್ನೊಂದಕ್ಕೆ ನೆಗೆಯುತ್ತದೆ. ನಡುವೆ ಏನೂ ಆಗದಿದ್ದರೆ ಆ ಕಾಲ ಇಲ್ಲವೇ ಇಲ್ಲ. ಕಾಯುವುದು ಅಲ್ಲಿ ಒಂದು ಸಂಖ್ಯೆ, ಬಿದ್ದುಹೋಗುವುದೂ ಒಂದು ಸಂಖ್ಯೆ. ಆರಂಭದ ಸೀಡ್ ಒಂದೇ ಆಗಿದ್ದರೆ ನೂರು ಸಲ ಓಡಿಸಿದರೂ ಅದೇ ಪ್ಯಾಕೆಟ್ಟು ಅದೇ ಕ್ಷಣದಲ್ಲಿ ಬೀಳುತ್ತದೆ. ಸೀಡ್ ಬದಲಿಸಿದರೆ ಬೇರೆ ಲೋಕ, ಅಲ್ಲಿ ಅದು ಉಳಿದುಕೊಂಡೀತು. ಮೂವತ್ತು ಬೇರೆ ಬೇರೆ ಸೀಡ್‌ಗಳಲ್ಲಿ ಓಡಿಸಿ ಸರಾಸರಿ ತೆಗೆದು ಬರೆಯುತ್ತೇವೆ. ಶಿರೂರಿನ ಆ ದಿನಕ್ಕೆ ಎರಡನೆಯ ಸೀಡ್ ಇಲ್ಲ.

ಆಮೇಲೆ ನನ್ನ ಪ್ರಬಂಧದ ಒಂದು ಅಧ್ಯಾಯ ತುರ್ತು ಸೇವೆಯ ಕಡೆ ತಿರುಗಿತು. ಓಡುತ್ತಿರುವ ಆ್ಯಂಬುಲೆನ್ಸಿನಿಂದ ರೋಗಿಯ ಇಸಿಜಿ, ವಿಡಿಯೊ ಎಲ್ಲ ದೂರದ ಆಸ್ಪತ್ರೆಯ ವೈದ್ಯರಿಗೆ ಹೋಗಬೇಕು. ನಡುವಿನ ದಾರಿ ಇಕ್ಕಟ್ಟಾಗಿದ್ದರೆ? ಒಂದು ಸರಳ ಲೆಕ್ಕ ಹೇಳುತ್ತೇನೆ. ತುರ್ತಿಗೆಂದು ಕಾದಿರಿಸಿದ್ದು ಸೆಕೆಂಡಿಗೆ 1,000 ಕಿಲೋಬಿಟ್. ಒಂದು ಆ್ಯಂಬುಲೆನ್ಸಿಗೆ 400 ಬೇಕು. ಎರಡು ಬಂದರೆ 800, ನೆಮ್ಮದಿ. ಮೂರನೆಯದು ಬಂತು, 1,200 ಆಯಿತು. ಮೀಟರ್ 200ನ್ನು ಬಿಸಾಡಲೇಬೇಕು, ಅಂದರೆ ಆರರಲ್ಲಿ ಒಂದು ಪಾಲು. ಯಾರದ್ದನ್ನು? ಅದಕ್ಕೆ ಗೊತ್ತಿಲ್ಲ. ಮೂರೂ 46, ಮೂರೂ ಒಂದೇ ಬಕೆಟ್ಟಿನಿಂದ ಸೇದುತ್ತಿವೆ. ಹಾಗಾಗಿ ಮೂರೂ ಚಿತ್ರಗಳು ಒಡೆದು ಬರುತ್ತವೆ, ವೈದ್ಯರಿಗೆ ಮೂರರಲ್ಲಿ ಒಂದೂ ಸರಿಯಾಗಿ ಕಾಣುವುದಿಲ್ಲ. ಇದನ್ನು ತಪ್ಪಿಸಲು ಇರುವ ಒಂದು ಉಪಾಯವೆಂದರೆ ಮೂರನೆಯದನ್ನು ಗೇಟಿನಲ್ಲೇ ‘ಜಾಗವಿಲ್ಲ’ ಎಂದು ತಡೆಯುವುದು. ಕಾಗದದ ಮೇಲೆ ಅದು ಒಳ್ಳೆಯ ಫಲಿತಾಂಶ, ಇಬ್ಬರಿಗೆ ಪೂರ್ತಿ ಸೇವೆ ಸಿಗುತ್ತದೆ. ನಕ್ಷೆ ಚೆನ್ನಾಗಿ ಬರುತ್ತದೆ. ಆದರೆ ಆ ಮೂರನೆಯ ಗಾಡಿಯನ್ನು ನಾನು ಬರೀ ‘ನೋಡ್ 3’ ಎಂದು ನೋಡಲಾರೆ. ಅದು ಭಟ್ಕಳದಿಂದ ಬಂದಿರಬಹುದು, ನಮ್ಮ ಮನೆಯ ಮುಂದಿನಿಂದಲೇ ಹೊರಟಿರಬಹುದು.

ಕಂಡಿಷನರ್ ಮೇಲೆ ಬಂದ ಎಷ್ಟೋ ಪ್ರಬಂಧಗಳನ್ನು ಓದಿದ ಮೇಲೆ ನನಗೆ ಖಚಿತವಾಗಿ ಹೇಳಬಹುದಾದ್ದು ಇಷ್ಟು. ಈ ನಾಲ್ಕೈದು ಭಾಗಗಳನ್ನು ಎಷ್ಟೇ ಜಾಣತನದಿಂದ ಜೋಡಿಸಿದರೂ ಒಂದು ಬಿಟ್‌ನಷ್ಟು ಹೊಸ ದಾರಿ ಹುಟ್ಟುವುದಿಲ್ಲ. ಇರುವುದನ್ನು ಯಾರು ಮೊದಲು ಬಳಸಬೇಕು, ಯಾರು ಕಾಯಬೇಕು, ಯಾರು ಬಿದ್ದುಹೋಗಬೇಕು ಎಂದು ಅವು ತೀರ್ಮಾನಿಸುತ್ತವೆ, ಅಷ್ಟೆ. ಒಬ್ಬರಿಗೆ ಕೊಟ್ಟ ಆದ್ಯತೆ ಎಂದರೆ ಉಳಿದವರೆಲ್ಲರ ಕಾಯುವಿಕೆ. ದಾರಿ ಅಗಲವಿದ್ದರೆ ಕಂಡಿಷನರ್ ಇದೆಯೋ ಇಲ್ಲವೋ ಎಂದು ಯಾರಿಗೂ ತಿಳಿಯುವುದೂ ಇಲ್ಲ.

ಸಾಲುಗಳನ್ನು ಜಾಣತನದಿಂದ ನಡೆಸುವ ವಿದ್ಯೆ ಬೇಡವೆಂದು ಇದರ ಅರ್ಥವಲ್ಲ. ನಮ್ಮದೇ ಕರಾವಳಿಯ ಸುರತ್ಕಲ್‌ನ ಎನ್‌ಐಟಿಕೆಯವರು ರೂಪಿಸಿದ ಎಫ್‌ಕ್ಯೂ-ಪೈ ಎಂಬ ಸಾಲು ನಡೆಸುವ ವಿಧಾನ 2020ರಲ್ಲಿ ಲಿನಕ್ಸ್ ಕರ್ನೆಲ್‌ನ 5.6ನೇ ಆವೃತ್ತಿಗೆ ಸೇರಿತು. ಉದ್ದುದ್ದ ಹರಿವೊಂದು ಸಣ್ಣ ಹರಿವುಗಳನ್ನು ನುಂಗಿಹಾಕದಂತೆ, ಸಾಲು ಬೆಳೆದು ಎಲ್ಲರೂ ತಡವಾಗದಂತೆ ನೋಡಿಕೊಳ್ಳುವ ಕೆಲಸ ಅದರದು. ಇಂಥ ಕೆಲಸ ನಡೆದ ಸುರತ್ಕಲ್ ಕೂಡ ಇದೇ ಹೆದ್ದಾರಿ 66ರ ಮೇಲಿದೆ. ಅಲ್ಲೂ ಒಂದು ಟೋಲ್‌ಗೇಟ್ ಇತ್ತು. ಜನರ ದೀರ್ಘ ಹೋರಾಟದ ನಂತರ 2022ರ ಡಿಸೆಂಬರ್ 1ರಿಂದ ಅಲ್ಲಿ ಶುಲ್ಕ ವಸೂಲಿ ನಿಂತಿತು. ಗೇಟು ಎಲ್ಲಿರಬೇಕು ಎನ್ನುವುದು ಎಂಜಿನಿಯರುಗಳು ಮಾತ್ರ ತೀರ್ಮಾನಿಸುವ ವಿಷಯವಲ್ಲ ಎಂದು ನಮ್ಮ ಜಿಲ್ಲೆಗಳವರಿಗೆ ಗೊತ್ತು.

ಶಿರೂರಿನ ಗೇಟಿಗೂ ಆ ದೊಡ್ಡ ಪ್ರಶ್ನೆ ಅಂಟಿಕೊಂಡಿದೆ. ಆ್ಯಂಬುಲೆನ್ಸು ಹೊನ್ನಾವರದಿಂದ ಜಿಲ್ಲೆ ದಾಟಿ ಯಾಕೆ ಬರಬೇಕಿತ್ತು? ಆ ಅಪಘಾತದ ಬೆನ್ನಿಗೇ ಉತ್ತರ ಕನ್ನಡದ ಜನ ತಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಬೇಡಿಕೆಯನ್ನು ಮತ್ತೆ ಎತ್ತಿದರು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ಜೀವ ಕೈಯಲ್ಲಿ ಹಿಡಿದವರು ದಕ್ಷಿಣಕ್ಕೆ ಕುಂದಾಪುರ, ಉಡುಪಿ, ಮಣಿಪಾಲ, ಮಂಗಳೂರು ಎಂದೋ, ಉತ್ತರಕ್ಕೆ ಗೋವಾ ಎಂದೋ ಹೊರಡುವುದು ನಿಂತಿಲ್ಲ. ನನ್ನ ಪರಿಭಾಷೆಯಲ್ಲಿ ಹೇಳುವುದಾದರೆ ಅವರು ಗಡಿಯ ಕಂಡಿಷನರ್ ಸರಿಪಡಿಸಿ ಎಂದು ಮಾತ್ರ ಕೇಳಲಿಲ್ಲ, ಇಷ್ಟು ದೂರ ಪ್ಯಾಕೆಟ್ಟು ಕಳಿಸಬೇಕಾದ ಜಾಲವನ್ನೇ ಬದಲಿಸಿ ಎಂದು ಕೇಳಿದರು. ಎಂಜಿನಿಯರಿಂಗ್ ದೃಷ್ಟಿಯಿಂದಲೂ ಅದು ನನ್ನ ಅಧ್ಯಾಯಕ್ಕಿಂತ ಒಳ್ಳೆಯ ಉತ್ತರ.

ಆ ಅಧ್ಯಾಯವನ್ನು ಈಗ ತಿದ್ದುತ್ತಿದ್ದೇನೆ. ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಆದ್ಯತೆ ಪಡೆದವರಿಗೆ ಎಷ್ಟು ಬೇಗ ತಲುಪಿತು ಎಂದು ಬರೆದು ಗೆದ್ದೆವು ಎನ್ನುತ್ತೇವೆ. ನಾನು ನನ್ನ ಕೋಷ್ಟಕಕ್ಕೆ ಎರಡು ಕಂಬಸಾಲು ಸೇರಿಸಿದ್ದೇನೆ. ಒಂದರಲ್ಲಿ, ಅವರನ್ನು ಮುಂದೆ ಬಿಡಲು ಉಳಿದವರು ಎಷ್ಟು ಕಾದರು ಎಂದು. ಇನ್ನೊಂದರಲ್ಲಿ, ಗೇಟಿನಲ್ಲೇ ತಡೆದದ್ದು ಎಷ್ಟು ಮಂದಿಯನ್ನು ಎಂದು. ಎರಡನೆಯ ಕಂಬಸಾಲಿನಲ್ಲಿ ಸೊನ್ನೆ ಬರಬೇಕಾದರೆ ದಾರಿ ಎಷ್ಟು ಅಗಲವಿರಬೇಕು ಎಂಬುದನ್ನು ಅಧ್ಯಾಯದ ಕೊನೆಯಲ್ಲಿ ಬರೆಯುತ್ತೇನೆ. ಮೇಲಿನ ಆ್ಯಂಬುಲೆನ್ಸುಗಳ ಲೆಕ್ಕದಲ್ಲಿ ಅದು 1,200. ನಾಲ್ಕನೆಯದು ಬಂದರೆ 1,600.